ಎಂಟು ಗಂಟೆಯ ಬಸ್ಸು

ಮಂಗಳೂರಿನಲ್ಲಿ ಚಳಿ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ಡಿಸೆಂಬರ್-ಜನವರಿಯಲ್ಲಿ ನಾಲ್ಕು ದಿನ ಬೆಳಿಗ್ಗೆ ಮೈ ಜುಮ್ಮೆನ್ನುತ್ತದೆ, ಅಷ್ಟೆ. ಆ ನಾಲ್ಕು ದಿನ ಬಸ್ಸಿಗೆ ಓಡಲು ನಮಗೆಲ್ಲ ಮಹಾ ಉದಾಸೀನ.

ನನ್ನ ಚಿಕ್ಕಮ್ಮನಿಗೆ ಮಾತ್ರ ಇರಲಿಲ್ಲ. ಇಪ್ಪತ್ತಾರರಲ್ಲೇ ಗಂಡನನ್ನು ಕಳಕೊಂಡು ಟೀಚರ್ ಕೆಲಸಕ್ಕೆ ಸೇರಿದವರು. ಮನೆಯಲ್ಲಿ ರೇಡಿಯೋ ಇರಲಿಲ್ಲ; ಇದ್ದಿದ್ದರೂ ಅಜ್ಜ ಸಿನೆಮಾ ಹಾಡು ಹಾಕಲು ಬಿಡುತ್ತಿರಲಿಲ್ಲ ಎನ್ನಿ. ಪಕ್ಕದ ಮನೆಯವರು ಸಿಲೋನ್ ಹಾಕುತ್ತಿದ್ದರು. ಏಳೂವರೆಗೆ ಹಳೆಯ ಹಿಂದಿ ಚಿತ್ರಗೀತೆಗಳು ಶುರುವಾದರೆ ಎಂಟಕ್ಕೆ ಮೊದಲಿನ ಕೊನೆಯ ಹಾಡು ದಿನವೂ ಕೆ.ಎಲ್. ಸೈಗಲರದ್ದೇ. ಚಿಕ್ಕಮ್ಮನ ಗಡಿಯಾರ ಅದು. ಆ ಸ್ವರ ಕೇಳಿತೋ, ಬುತ್ತಿಯನ್ನು ಚೀಲಕ್ಕೆ ಹಾಕಿ ಗೇಟು ದಾಟುವರು. ಹಾಡು ಮುಗಿಯುವವರೆಗೆ ಬೇಲಿಯ ಬದಿಯಲ್ಲಿ ಅವರ ನಡಿಗೆ ತುಸು ನಿಧಾನವಾಗುವುದನ್ನು ನಾನು ಕಂಡಿದ್ದೇನೆ.

ನಮ್ಮದೇ ಆಕಾಶವಾಣಿ ಇರುವಾಗ ಸಿಲೋನ್ ಯಾಕೆ? ಅದಕ್ಕೊಂದು ಕತೆ ಉಂಟು. 1952ರಲ್ಲಿ ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಎಷ್ಟು ಪ್ರೀತಿಯೋ ಸಿನೆಮಾ ಹಾಡಿನ ಮೇಲೆ ಅಷ್ಟೇ ತಾತ್ಸಾರ. ಆಕಾಶವಾಣಿಯಿಂದ ಅವು ಹೆಚ್ಚುಕಡಿಮೆ ಮಾಯವಾದವು. ಕೇಳುವವರು ಸುಮ್ಮನಿರುತ್ತಾರೆಯೇ? ಮುಳ್ಳು ತಿರುಗಿಸಿ ಕೊಲಂಬೋಗೆ ಹೋದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಶುರು. ಕೊನೆಗೆ 1957ರ ಅಕ್ಟೋಬರಿನಲ್ಲಿ ದೆಹಲಿಯವರೇ ವಿವಿಧ ಭಾರತಿ ತೆರೆಯಬೇಕಾಯಿತು. ಮಂಗಳೂರಿಗೆ ಸ್ವಂತ ಕೇಂದ್ರ ಬಂದದ್ದು 1976ರಲ್ಲಿ. ನಮ್ಮಜ್ಜನೂ ಕೇಸ್ಕರರೂ ಒಂದೇ ಶಾಲೆಯವರೆಂದು ನನಗೆ ತಮಾಷೆಯಾಗಿ ಕಾಣುತ್ತಿತ್ತು.

1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂತು. ಮುಂದೆ ನಮ್ಮ ಸಿಟಿ ಬಸ್ಸುಗಳಲ್ಲೂ ಡ್ರೈವರನ ತಲೆಯ ಮೇಲೊಂದು ಟೇಪು. 1914ರಲ್ಲಿ ಹುಟ್ಟಿದ ಸಿ.ಪಿ.ಸಿ. ಕಂಪೆನಿಯ ಕಾಲದಿಂದಲೂ ಇಲ್ಲಿ ಖಾಸಗಿ ಬಸ್ಸಿನದೇ ರಾಜ್ಯ. ಯಾವ ಹಾಡೆಂದು ಹೇಳಲು ಮಂತ್ರಿ ಬೇಡ, ಡ್ರೈವರನೇ ಸಾಕು. ಎಂಟು ಗಂಟೆಯ ಬಸ್ಸಿನಲ್ಲಿ ಕನ್ನಡ, ಹಿಂದಿ, ತುಳು ಎಲ್ಲ ಬರುತ್ತಿತ್ತು. ಚಿಕ್ಕಮ್ಮ ಸೆರಗನ್ನು ಕಿವಿಗೆಳೆದು ಕಿಟಕಿಯ ಬದಿ ಕೂರುವರು, ಬೆರಳು ಮಾತ್ರ ಚೀಲದ ಮೇಲೆ ತಾಳ ಹಾಕುತ್ತಿರುವುದು.

ಆಫೀಸಿಗೆ ಹೋಗುವ ನಾವು ಕೆಲವರು ಗದ್ದಲ ತಾಳಲಾರದೆ ಬಸ್ಸಿನ ಧನಿಗಳಿಗೆ ಕಾಗದ ಕೊಟ್ಟೆವು. ಮರುವಾರ ಟೇಪು ಬಂದ್. ನನಗೆ ಗೆದ್ದಷ್ಟು ಖುಷಿ.

ಚಿಕ್ಕಮ್ಮ ಆ ದಿನ ಜ್ಯೋತಿ ಬರುವವರೆಗೂ ಮಾತಾಡಲಿಲ್ಲ. ಇಳಿಯಲು ಏಳುವಾಗ ಮೆಲ್ಲಗೆ ಕೇಳಿದರು:

"ಆ ಕಾಗದದಲ್ಲಿ ನಿನ್ನ ಸೈಯೂ ಉಂಟಾ?"

"ಉಂಟು ಚಿಕ್ಕಮ್ಮಾ."

"ಹೌದಾ" ಎಂದು ಚೀಲ ಎತ್ತಿಕೊಂಡು ಇಳಿದರು. ಕಂಡಕ್ಟರ್ ಬಾಗಿಲು ಬಡಿದು "ರೈಟ್ ಪೋಯಿ" ಎಂದ.