ಪೋರ್ಟ್ ಆರ್ಥರ್‌ನ ಜೋಡಿ

ಅಮೆರಿಕದ ಟೆಕ್ಸಾಸ್ ರಾಜ್ಯದ ಆಗ್ನೇಯ ಅಂಚಿನಲ್ಲಿ ಪೋರ್ಟ್ ಆರ್ಥರ್ ಎಂಬ ಊರಿದೆ. 1901ರಲ್ಲಿ ಸಮೀಪದ ಸ್ಪಿಂಡಲ್‌ಟಾಪ್‌ನಲ್ಲಿ ತೈಲ ಚಿಮ್ಮಿದ ಮೇಲೆ ಅಲ್ಲಿ ದೊಡ್ಡ ತೈಲ ಶುದ್ಧೀಕರಣ ಕಾರ್ಖಾನೆಗಳು ತಲೆಯೆತ್ತಿದವು. ಆ ಊರಿನಿಂದ ಬಂದ ಬರ್ನಾರ್ಡ್ ಫ್ರೀಮನ್ ಮತ್ತು ಚಾಡ್ ಬಟ್ಲರ್ ಎಂಬ ಗೆಳೆಯರ ಕಥೆಯಿದು. ಇಬ್ಬರೂ 1973ರಲ್ಲಿ ಹುಟ್ಟಿದವರು. ನನ್ನ ಮೊದಮೊದಲ ವಿದ್ಯಾರ್ಥಿಗಳ ಓರಗೆಯವರು. ಆ ಸಲುಗೆಯಿಂದಲೇ ಏಕವಚನ ಬಳಸುತ್ತಿದ್ದೇನೆ.

ಫ್ರೀಮನ್ 'ಬನ್ ಬಿ' ಎಂದೂ ಬಟ್ಲರ್ 'ಪಿಂಪ್ ಸಿ' ಎಂದೂ ಹೆಸರಾದರು. ಎರಡನೆಯ ಹೆಸರು ಸಭ್ಯವಾದುದಲ್ಲ. ಅವರ ಹಾಡುಗಳ ಎಷ್ಟೋ ಮಾತುಗಳನ್ನು ನಾನು ತರಗತಿಯಲ್ಲಿ ಉಚ್ಚರಿಸಲಾರೆ. ಆದರೂ ಆ ಜೋಡಿಯ ಬದುಕು ನನ್ನನ್ನು ಹಿಡಿದು ನಿಲ್ಲಿಸಿತು.

ತಾಳಕ್ಕೆ ಹೊಂದಿಸಿ ಪ್ರಾಸದ ಮಾತು ಹೇಳುವ ರ‍್ಯಾಪ್ ಬೆಳೆದದ್ದು 1970ರ ದಶಕದ ನ್ಯೂಯಾರ್ಕ್‌ನಲ್ಲಿ. ದಕ್ಷಿಣದವರ ಉಚ್ಚಾರಣೆ ಅಲ್ಲಿಯವರಿಗೆ ಹಳ್ಳಿಗಾಡಿನದಾಗಿ ಕೇಳುತ್ತಿತ್ತು. 1995ರ ಸೋರ್ಸ್ ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿ ವೇದಿಕೆಯೇರಿದಾಗ ಸಭೆಯೇ ಹೀಯಾಳಿಸಿತ್ತು. ಅಂಥ ಕಾಲದಲ್ಲಿ ಯು.ಜಿ.ಕೆ. ಎಂಬ ಹೆಸರಿನ ಈ ಗೆಳೆಯರು ತಮ್ಮ ಉಚ್ಚಾರಣೆಯನ್ನು ತಿದ್ದಿಕೊಳ್ಳಲು ಹೋಗಲಿಲ್ಲ. ಬಟ್ಲರನ ತಂದೆ ಟ್ರಂಪೆಟ್ ವಾದಕ; ಮಗನು ಬ್ಲೂಸ್ ಗಿಟಾರನ್ನೂ ಚರ್ಚಿನ ಆರ್ಗನ್ ನಾದವನ್ನೂ ರ‍್ಯಾಪ್‌ನೊಳಗೆ ತಂದನು. 1996ರ 'ರೈಡಿನ್ ಡರ್ಟಿ' ಸಂಪುಟಕ್ಕೆ ಒಂದು ವಿಡಿಯೋದ ಆಸರೆಯೂ ಇರಲಿಲ್ಲ. ಆದರೂ ಜನ ಅದನ್ನು ಹುಡುಕಿ ಕೊಂಡರು.

2002ರಲ್ಲಿ ಬಟ್ಲರ್ ಜೈಲು ಸೇರಿದನು. ಹಿಂದಿನ ಹಲ್ಲೆ ಪ್ರಕರಣವೊಂದರಲ್ಲಿ ನ್ಯಾಯಾಲಯ ವಿಧಿಸಿದ್ದ ಷರತ್ತುಗಳನ್ನು ಮೀರಿದ್ದೇ ಕಾರಣ. ಅಪರಾಧವನ್ನು ನಾನು ಸಮರ್ಥಿಸುವುದಿಲ್ಲ. ಹೊರಗುಳಿದ ಬನ್ ಬಿ ಮಾಡಿದ್ದು ಮಾತ್ರ ಅಪರೂಪದ ಕೆಲಸ. ಕರೆದವರ ಹಾಡಿಗೆಲ್ಲ ಹೋಗಿ ದನಿಗೂಡಿಸಿದನು. ಹೋದಲ್ಲೆಲ್ಲ ಗೆಳೆಯನ ಬಿಡುಗಡೆಯ ಮಾತೆತ್ತಿದನು. ಆ ಕೂಗು ಇತರ ಗಾಯಕರ ಬಾಯಲ್ಲೂ ಅಂಗಿಗಳ ಮೇಲೂ ಕಾಣಿಸಿಕೊಂಡಿತು. 2005ರ ಡಿಸೆಂಬರ್ 30ರಂದು ಬಟ್ಲರ್ ಹೊರಬಂದಾಗ ಅವನ ಹೆಸರು ಒಳಹೋಗುವಾಗ ಇದ್ದುದಕ್ಕಿಂತ ದೊಡ್ಡದಾಗಿತ್ತು!

2007ರ ಆಗಸ್ಟ್‌ನಲ್ಲಿ ಬಂದ ಅವರ 'ಅಂಡರ್‌ಗ್ರೌಂಡ್ ಕಿಂಗ್ಜ್' ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ನಾಲ್ಕೇ ತಿಂಗಳು. ಡಿಸೆಂಬರ್ 4ರಂದು ಲಾಸ್ ಏಂಜಲೀಸ್ ಬಳಿಯ ಹೋಟೆಲ್ ಕೋಣೆಯೊಂದರಲ್ಲಿ ಬಟ್ಲರ್ ನಿದ್ದೆಯಲ್ಲೇ ತೀರಿಕೊಂಡಿದ್ದನು. ಕೋಡೀನ್ ಬೆರೆತ ಕೆಮ್ಮಿನ ಸಿರಪ್ಪು, ಜೊತೆಗೆ ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ವಯಸ್ಸು 33. ಹ್ಯೂಸ್ಟನ್‌ನ ಡಿಜೆ ಸ್ಕ್ರೂ ಎಂಬ ಕಲಾವಿದನನ್ನು 2000ದಲ್ಲಿ ಬಲಿ ತೆಗೆದುಕೊಂಡದ್ದೂ ಇದೇ ಕೋಡೀನ್. ಹಾಡುಗಳಲ್ಲಿ ಆ ಸಿರಪ್ಪಿನ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಜೋಡಿಯ ಕೊನೆಯ ಸಂಪುಟವನ್ನು ಬನ್ ಬಿ 2009ರಲ್ಲಿ ಹೊರತಂದನು. 2011ರಲ್ಲಿ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯವು ಧರ್ಮ ಮತ್ತು ಹಿಪ್ ಹಾಪ್ ಕುರಿತು ಪಾಠ ಹೇಳಲು ಅವನನ್ನು ಕರೆಯಿತು. ಧರ್ಮಶಾಸ್ತ್ರದ ಪ್ರಾಧ್ಯಾಪಕ ಆಂಥನಿ ಪಿನ್ ಅವರ ಪಕ್ಕದಲ್ಲಿ ನಿಂತು, ಬಿ.ಎಡ್. ಇಲ್ಲದ ಈ ಮೇಷ್ಟರು ತರಗತಿ ನಡೆಸಿದರು. ಇಲ್ಲಿಗೆ ನನ್ನ ಏಕವಚನವೂ ತಾನಾಗಿಯೇ ಬಿಟ್ಟುಹೋಯಿತು.