ಎಲೆಕ್ಟ್ರಾನಿಕ್ ನೆರವಿನ ಆಕಾಶ ವೀಕ್ಷಣೆ

ಸಣ್ಣ ದೂರದರ್ಶಕದಲ್ಲಿ ಐಪೀಸು ಇರಬೇಕಾದ ಜಾಗಕ್ಕೆ ಸೂಕ್ಷ್ಮ ಕ್ಯಾಮೆರಾ ಕೂರಿಸಿ, ಅದು ಹಿಡಿದ ನೀಹಾರಿಕೆ, ನಕ್ಷತ್ರಗುಚ್ಛ, ಗೆಲಾಕ್ಸಿಗಳನ್ನು ಆಗಿಂದಾಗಲೇ ಲ್ಯಾಪ್‌ಟಾಪ್ ಅಥವಾ ಮೊಬೈಲ್ ಪರದೆಯ ಮೇಲೆ ನೋಡುವ ಪದ್ಧತಿ. ಹವ್ಯಾಸಿಗಳ ವಲಯದಲ್ಲಿ ಇದಕ್ಕೆ ಇಎಎ ಎಂಬ ಚುಟುಕು ಹೆಸರಿದೆ. ಖಗೋಳ ಛಾಯಾಗ್ರಹಣಕ್ಕೂ ಇದಕ್ಕೂ ಸಲಕರಣೆ ಬಹುಮಟ್ಟಿಗೆ ಒಂದೇ, ಉದ್ದೇಶ ಬೇರೆ. ಛಾಯಾಗ್ರಾಹಕರು ಹಲವು ರಾತ್ರಿಗಳ ಬೆಳಕನ್ನು ಕೂಡಿಟ್ಟು, ಆಮೇಲೆ ಕಂಪ್ಯೂಟರಿನ ಮುಂದೆ ಕೂತು ತಿದ್ದಿ ತೀಡಿ ಒಂದು ಚಿತ್ರ ಮಾಡುತ್ತಾರೆ. ಇಲ್ಲಿ ನೋಡುವುದೇ ಕೆಲಸ. ಮೊದಲ ಹತ್ತು ಸೆಕೆಂಡಿಗೆ ಮಂಕು ಮಚ್ಚೆಯಾಗಿದ್ದದ್ದು ನಿಮಿಷಗಳು ಕಳೆದಂತೆ ಸುರುಳಿ ತೋಳುಗಳ ಗೆಲಾಕ್ಸಿಯಾಗಿ ಮೂಡುವುದನ್ನು ನಾಲ್ಕಾರು ಜನ ಒಟ್ಟಿಗೆ ನಿಂತು ನೋಡಬಹುದು.

ಈ ಪದ್ಧತಿಯ ಬೆಲೆ ತಿಳಿಯುವುದು ನಗರದಲ್ಲಿ. ಮೈಸೂರಿನ ವಾಯವ್ಯ ಅಂಚಿನ ಹೆಬ್ಬಾಳ ಇದಕ್ಕೆ ಒಳ್ಳೆಯ ಉದಾಹರಣೆ. ಕೈಗಾರಿಕಾ ಪ್ರದೇಶ, ಇನ್ಫೊಸಿಸ್ ಆವರಣ, ವರ್ತುಲ ರಸ್ತೆ, ಒತ್ತೊತ್ತಾದ ಬಡಾವಣೆಗಳು ಇರುವ ಈ ಜಾಗದ ಮನೆ ತಾರಸಿಯಿಂದ ಕ್ಷೀರಪಥ ಕಾಣುವ ಮಾತಿಲ್ಲ. ಆಗ್ನೇಯದಲ್ಲಿ ಇಡೀ ಮೈಸೂರಿನ ಬೆಳಕು ಹಬ್ಬಿ ನಿಂತಿರುತ್ತದೆ. ದಸರೆಯ ದಿನಗಳಲ್ಲಿ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳ ಜೊತೆಗೆ ಬೀದಿ ಬೀದಿಯ ದೀಪಾಲಂಕಾರವೂ ಸೇರಿಕೊಳ್ಳುತ್ತದೆ. ಇಂಥ ಆಕಾಶದಡಿ ಒಳ್ಳೆಯ ಟೆಲಿಸ್ಕೋಪು ಕೊಂಡವರೂ ಚಂದ್ರ, ಗುರು, ಶನಿ ನೋಡಿದ ಮೇಲೆ ಮುಂದೇನೆಂದು ತಿಳಿಯದೆ ಅದನ್ನು ಅಟ್ಟಕ್ಕೇರಿಸುವುದು ಸಾಮಾನ್ಯ. ಅವರ ತಪ್ಪೇನೂ ಇಲ್ಲ. ಮನುಷ್ಯನ ಕಣ್ಣು ಬೆಳಕನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ ಕೂಡಿಸಿಕೊಳ್ಳುತ್ತದೆ. ಮಬ್ಬಿನಲ್ಲಿ ಬಣ್ಣವನ್ನು ಗುರುತಿಸುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಕೆಂಪಾಗಿ ಅರಳಿದ ನೀಹಾರಿಕೆ ಐಪೀಸಿನಲ್ಲಿ ಬೂದು ಬಣ್ಣದ ಒರೆಸಿದ ಗುರುತಾಗಿ ಕಾಣುತ್ತದೆ.

ಕಣ್ಣಿನ ಈ ಮಿತಿಯನ್ನು ಮೊದಲು ದಾಟಿದ್ದು ಛಾಯಾಫಲಕ. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಮಹಾವ್ಯಾಧ ನೀಹಾರಿಕೆಯ ಮೊದಲ ಛಾಯಾಚಿತ್ರ ತೆಗೆದಾಗ ಫಲಕವನ್ನು ಐವತ್ತು ನಿಮಿಷ ಬೆಳಕಿಗೆ ತೆರೆದಿಡಬೇಕಾಯಿತು. ಫಲಕದಲ್ಲಿ ಏನು ಮೂಡಿದೆಯೆಂದು ತಿಳಿಯಲು ಕತ್ತಲ ಕೋಣೆಯಲ್ಲಿ ಅದನ್ನು ಸಂಸ್ಕರಿಸುವತನಕ ಕಾಯಬೇಕಿತ್ತು. ಆ ಕಾಯುವಿಕೆಯನ್ನು ತೆಗೆದುಹಾಕಿದ್ದು 1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಎಲೆಕ್ಟ್ರಾನಿಕ್ ಬೆಳಕು ಸಂವೇದಕ. ಈ ಕೆಲಸಕ್ಕೆ ಇಬ್ಬರಿಗೂ 2009ರಲ್ಲಿ ನೊಬೆಲ್ ಬಂತು. ಸಿಸಿಡಿಯನ್ನು ದೂರದರ್ಶಕಕ್ಕೆ ಜೋಡಿಸಿ ಅರಿಜೋನಾದಲ್ಲಿ ಯುರೇನಸ್ ಗ್ರಹದ ಚಿತ್ರ ಪಡೆದದ್ದು 1976ರಲ್ಲಿ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವೇ ಪ್ರತಿಶತವನ್ನು ದಾಖಲಿಸುತ್ತಿದ್ದ ಫಲಕದ ಜಾಗಕ್ಕೆ ಅರ್ಧಕ್ಕಿಂತ ಹೆಚ್ಚನ್ನು ಹಿಡಿಯುವ ಸಾಧನ ಬಂದಿತ್ತು.

ಕರ್ನಾಟಕದ ಮಟ್ಟಿಗೆ ಈ ಬದಲಾವಣೆ ಮೊದಲು ನಡೆದದ್ದು ವೃತ್ತಿಪರರ ನಡುವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತಮಿಳುನಾಡಿನ ಜವ್ವಾದು ಬೆಟ್ಟಗಳ ಕಾವಲೂರಿನಲ್ಲಿ 1972ರಿಂದ 1 ಮೀಟರ್ ದೂರದರ್ಶಕವನ್ನೂ 1986ರಿಂದ 2.34 ಮೀಟರಿನ ವೇಣು ಬಾಪು ದೂರದರ್ಶಕವನ್ನೂ ನಡೆಸುತ್ತ ಬಂದಿದೆ. ಅಲ್ಲಿಯೂ ಫಲಕಗಳು ಹಿಂದೆ ಸರಿದು ಸಿಸಿಡಿ ಬಂತು. ಆದರೆ ಈ ಲೇಖನದ ವಿಷಯಕ್ಕೆ ಕಾವಲೂರಿಗಿಂತ ಹತ್ತಿರದ ಸಂಬಂಧ ಇರುವುದು ಬೆಂಗಳೂರು ಬಳಿಯ ಹೊಸಕೋಟೆಗೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ 2000ದ ಸೆಪ್ಟೆಂಬರಿನಲ್ಲಿ ಮೊದಲ ಬೆಳಕು ಕಂಡಿತು. ಆಮ್ಲಜನಕ ವಿರಳವಾದ, ಚಳಿಗಾಲದಲ್ಲಿ ಎಲ್ಲವೂ ಹೆಪ್ಪುಗಟ್ಟುವ ಆ ಜಾಗಕ್ಕೆ ವೀಕ್ಷಕರು ಹೋಗಿ ರಾತ್ರಿಯಿಡೀ ಕೂರುವ ಬದಲು, ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯ ಕೇಂದ್ರದಿಂದಲೇ ದೂರದರ್ಶಕವನ್ನು ತಿರುಗಿಸಿ, ಕ್ಯಾಮೆರಾ ತೆರೆದು, ಚಿತ್ರವನ್ನು ಪರದೆಯ ಮೇಲೆ ನೋಡುವ ವ್ಯವಸ್ಥೆ ಆಯಿತು. ಎರಡು ದಶಕಗಳಿಂದ ಹೊಸಕೋಟೆಯ ಕೋಣೆಯೊಂದರಲ್ಲಿ ಹಿಮಾಲಯದ ಆಕಾಶ ಕಾಣುತ್ತಿದೆ. ಪರದೆಯಲ್ಲಿ ನೋಡಿದ್ದು ನಿಜವಾದ ವೀಕ್ಷಣೆ ಹೌದೋ ಅಲ್ಲವೋ ಎಂಬ ಪ್ರಶ್ನೆ ಹವ್ಯಾಸಿಗಳಲ್ಲಿ ಏಳುವ ಎಷ್ಟೋ ಮೊದಲೇ ವೃತ್ತಿಪರರು ಐಪೀಸಿನಿಂದ ಕಣ್ಣು ತೆಗೆದಾಗಿತ್ತು.

ಹವ್ಯಾಸಿಗಳ ದಾರಿ ಕಾವಲು ಕ್ಯಾಮೆರಾಗಳ ಮೂಲಕ ಹೋಯಿತು. ಬ್ಯಾಂಕು, ಗೋದಾಮುಗಳ ಕತ್ತಲಲ್ಲಿ ಕಳ್ಳರನ್ನು ಹಿಡಿಯಲೆಂದು ತಯಾರಾದ ಜಪಾನಿನ ವಾಟೆಕ್ ಕ್ಯಾಮೆರಾ 2000ದ ಆಸುಪಾಸಿನಲ್ಲಿ ಸ್ಟೆಲ್ಲಾಕ್ಯಾಮ್ ಎಂಬ ಹೆಸರಿನಲ್ಲಿ ಟೆಲಿಸ್ಕೋಪಿಗೆ ಏರಿತು. ಅದರ ಎರಡನೇ ಆವೃತ್ತಿ 256 ವಿಡಿಯೊ ಫ್ರೇಮುಗಳನ್ನು, ಎಂದರೆ ಸುಮಾರು ಎಂಟೂವರೆ ಸೆಕೆಂಡಿನ ಬೆಳಕನ್ನು, ಒಳಗೇ ಕೂಡಿಸಿ ಟಿವಿಗೆ ಕೊಡುತ್ತಿತ್ತು. ಕೆನಡಾದ ಮ್ಯಾಲಿನ್‌ಕ್ಯಾಮ್ ಇದಕ್ಕೆ ಬಣ್ಣ ಸೇರಿಸಿತು. ಫಿಲಿಪ್ಸ್ ಟೂಕ್ಯಾಮ್‌ನಂಥ ಅಗ್ಗದ ವೆಬ್‌ಕ್ಯಾಮ್ ಬಿಚ್ಚಿ, ಒಳಗಿನ ಚಿಪ್ಪಿಗೆ ಬೆಸುಗೆ ಹಾಕಿ ದೀರ್ಘ ಕಾಲ ತೆರೆದಿರುವಂತೆ ಮಾಡಿಕೊಂಡವರೂ ಆ ಕಾಲದಲ್ಲಿ ಬಹಳ. 2004ರ ಹೊತ್ತಿಗೆ ಬಂದ ಮೀಡ್ ಸಂಸ್ಥೆಯ ಡೀಪ್ ಸ್ಕೈ ಇಮೇಜರ್ ಚಿತ್ರಗಳನ್ನು ಒಂದರ ಮೇಲೊಂದು ತಾನೇ ಹೊಂದಿಸಿ ಪರದೆಯಲ್ಲಿ ತೋರಿಸುತ್ತಿತ್ತು. ಇಂದಿನ ಪದ್ಧತಿಯ ಬೀಜ ಅದರಲ್ಲಿದೆ.

ಆ ಬೀಜ ಮೊಳೆಯಲು ಸೋನಿಯ ಹೊಸ ಸಿಮಾಸ್ ಸೆನ್ಸರುಗಳು ಬೇಕಾದವು. ಹಳೆಯ ಸಿಸಿಡಿಯಲ್ಲಿ ಪ್ರತಿ ಸಲ ಚಿತ್ರ ಓದುವಾಗಲೂ ಗದ್ದಲ, ಎಂದರೆ ಬೇಡದ ಎಲೆಕ್ಟ್ರಾನಿಕ್ ಏರಿಳಿತ, ಸೇರುತ್ತಿತ್ತು; ಆದ್ದರಿಂದ ಒಂದೇ ದೀರ್ಘ ಚಿತ್ರ ತೆಗೆಯುವುದು ಲಾಭ. 2015ರ ವೇಳೆಗೆ ಹವ್ಯಾಸಿ ಕ್ಯಾಮೆರಾಗಳಿಗೆ ಬಂದ ಐಎಂಎಕ್ಸ್224ರಂಥ ಸೆನ್ಸರುಗಳಲ್ಲಿ ಈ ಗದ್ದಲ ಸರಿಸುಮಾರು ಒಂದು ಎಲೆಕ್ಟ್ರಾನಿನ ಮಟ್ಟಕ್ಕೆ ಇಳಿಯಿತು. ಈಗ ಹತ್ತು ಸೆಕೆಂಡಿನ ನೂರು ಚಿತ್ರಗಳು ಸಾವಿರ ಸೆಕೆಂಡಿನ ಒಂದು ಚಿತ್ರಕ್ಕೆ ಬಹುತೇಕ ಸಮ. ನೂರು ಚಿತ್ರ ಕೂಡಿಸಿದಾಗ ನೀಹಾರಿಕೆಯ ಬೆಳಕು ನೂರು ಪಟ್ಟಾಗುತ್ತದೆ, ಗದ್ದಲ ಹತ್ತು ಪಟ್ಟು ಮಾತ್ರ ಏರುತ್ತದೆ. ನಗರದ ಹಿನ್ನೆಲೆ ಬೆಳಕಿನೊಳಗಿಂದ ಗೆಲಾಕ್ಸಿಯನ್ನು ಹೆಕ್ಕಿ ತೆಗೆಯುವುದು ಈ ಲೆಕ್ಕ. ಬ್ರಿಟನ್ನಿನ ರಾಬಿನ್ ಗ್ಲೋವರ್ ಬರೆದ ಶಾರ್ಪ್‌ಕ್ಯಾಪ್ ತಂತ್ರಾಂಶದ ಲೈವ್ ಸ್ಟ್ಯಾಕಿಂಗ್ ಇದನ್ನು ಸಾಮಾನ್ಯ ಲ್ಯಾಪ್‌ಟಾಪಿಗೆ ತಂದಿತು.

ಉಳಿದ ತೊಡಕು, ನೋಡಬೇಕಾದ ಕಾಯವನ್ನು ಹುಡುಕುವುದು. ಚಿತ್ರದಲ್ಲಿರುವ ನಕ್ಷತ್ರಗಳ ವಿನ್ಯಾಸವನ್ನು ನಕ್ಷೆಗೆ ಹೋಲಿಸಿ ದೂರದರ್ಶಕ ಎತ್ತ ನೋಡುತ್ತಿದೆಯೆಂದು ತಾನೇ ಕಂಡುಕೊಳ್ಳುವ ಪ್ಲೇಟ್ ಸಾಲ್ವಿಂಗ್ ಅದನ್ನೂ ಬಗೆಹರಿಸಿತು. ಇವೆಲ್ಲ ಒಂದೇ ಡಬ್ಬಿಯೊಳಗೆ ಸೇರಿದ್ದೇ ಸ್ಮಾರ್ಟ್ ಟೆಲಿಸ್ಕೋಪ್. ಫ್ರಾನ್ಸಿನ ಮಾರ್ಸೇ ನಗರದ ಯೂನಿಸ್ಟೆಲ್ಲರ್ 2017ರಲ್ಲಿ ಜನರಿಂದ ಮುಂಗಡ ಹಣ ಸಂಗ್ರಹಿಸಿ 114 ಮಿಲಿಮೀಟರಿನ ಈವಿಸ್ಕೋಪ್ ಕಟ್ಟಿತು. ಅದೇ ದೇಶದ ವಾವೊನಿಸ್ 80 ಮಿಲಿಮೀಟರಿನ ಸ್ಟೆಲ್ಲಿನಾ ತಂದಿತು. ಎರಡೂ ದುಬಾರಿ. ಚೀನಾದ ಜಡ್‌ಡಬ್ಲ್ಯುಒ 2023ರಲ್ಲಿ 50 ಮಿಲಿಮೀಟರಿನ ಸೀಸ್ಟಾರ್ ಎಸ್50ಯನ್ನು ಸುಮಾರು 500 ಡಾಲರಿಗೆ ಕೊಟ್ಟ ಮೇಲೆ ಈ ಪದ್ಧತಿ ಮಧ್ಯಮ ವರ್ಗದ ಮನೆಯ ಕೈಗೆಟುಕಿತು.

ಯುರೋಪಿನ ಆಕಾಶಕ್ಕೆ ಬರೆದ ಕೈಪಿಡಿಗಳು ಹೆಬ್ಬಾಳದ ತಾರಸಿಗೆ ಪೂರ್ತಿ ಹೊಂದುವುದಿಲ್ಲ, ಮತ್ತು ಇಲ್ಲಿಯ ವೀಕ್ಷಕರು ಇದನ್ನು ತಿಳಿದಿರಬೇಕು. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಧ್ರುವ ನಕ್ಷತ್ರ ದಿಗಂತದಿಂದ ಹನ್ನೆರಡೇ ಡಿಗ್ರಿ ಮೇಲೆ, ಧೂಳು ಮಬ್ಬಿನಲ್ಲಿ, ಎದುರು ಮನೆಯ ಮರೆಯಲ್ಲಿ ಇರುತ್ತದೆ. ಅದನ್ನು ನೋಡಿ ದೂರದರ್ಶಕದ ಅಕ್ಷ ಹೊಂದಿಸುವುದು ಅನೇಕ ಮನೆಗಳಿಂದ ಆಗದ ಕೆಲಸ. ಅಕ್ಷ ಹೊಂದಿಸದೆ, ಮೇಲೆ ಕೆಳಗೆ ಮತ್ತು ಅಕ್ಕಪಕ್ಕ ಮಾತ್ರ ತಿರುಗುವ ಸ್ಟ್ಯಾಂಡಿನಲ್ಲಿಟ್ಟರೆ ಚಿತ್ರವೇ ನಿಧಾನವಾಗಿ ಸುತ್ತುತ್ತದೆ. ಮಹಾವ್ಯಾಧ ನೀಹಾರಿಕೆ ದಕ್ಷಿಣೋತ್ತರ ರೇಖೆಯನ್ನು ದಾಟುವಾಗ ಲಂಡನ್ನಿನಲ್ಲಿ 33 ಡಿಗ್ರಿ ಎತ್ತರದಲ್ಲಿದ್ದು, ಈ ಸುತ್ತುವಿಕೆ ಗಂಟೆಗೆ ಸುಮಾರು 11 ಡಿಗ್ರಿ. ಮೈಸೂರಿನಲ್ಲಿ ಅದು 72 ಡಿಗ್ರಿ ಎತ್ತರಕ್ಕೆ ಏರುವುದರಿಂದ ಗಂಟೆಗೆ ಸುಮಾರು 48 ಡಿಗ್ರಿ. ತಂತ್ರಾಂಶ ಪ್ರತಿ ಚಿತ್ರವನ್ನೂ ತಿರುಗಿಸಿ ಹೊಂದಿಸುತ್ತದೆ, ಆದರೂ ಮೂಲೆಗಳಲ್ಲಿ ನಕ್ಷತ್ರಗಳು ಎಳೆದಂತೆ ಕಾಣುತ್ತವೆ. ಕಾಯ ಪೂರ್ವದಲ್ಲಿ ಅಥವಾ ಪಶ್ಚಿಮದಲ್ಲಿರುವಾಗ ನೋಡುವುದು ಇದಕ್ಕೆ ಸುಲಭದ ಪರಿಹಾರ. ಅಲ್ಲಿ ಸುತ್ತುವಿಕೆ ಶೂನ್ಯಕ್ಕೆ ಹತ್ತಿರವಾಗುತ್ತದೆ.

ಈ ಅಕ್ಷಾಂಶ ಕೊಡುವುದೂ ಬಹಳ. ಈವಿಸ್ಕೋಪ್ ಹುಟ್ಟಿದ ಮಾರ್ಸೇಯಲ್ಲಿ ದಿಗಂತದ ಮೇಲೇರದ ಒಮೆಗಾ ಸೆಂಟಾರಿ ಗೋಳಗುಚ್ಛ ಮೈಸೂರಿನಲ್ಲಿ ಮೇ ತಿಂಗಳ ರಾತ್ರಿ ಹತ್ತರ ಸುಮಾರಿಗೆ ದಕ್ಷಿಣದಲ್ಲಿ 30 ಡಿಗ್ರಿ ಎತ್ತರ ನಿಲ್ಲುತ್ತದೆ. ನಗರದ ಬೆಳಕಿನ ಮೇಲ್ಗಡೆಯೇ ಇದ್ದರೂ ಐವತ್ತು ಮಿಲಿಮೀಟರಿನ ಮಸೂರ ಅದನ್ನು ಒಂದೆರಡು ನಿಮಿಷದಲ್ಲಿ ಬಿಡಿ ಬಿಡಿ ನಕ್ಷತ್ರಗಳಾಗಿ ಬಿಡಿಸಿ ತೋರಿಸಬಲ್ಲದು. ಕೆರೀನಾ ನೀಹಾರಿಕೆ ಇನ್ನೂ ಕೆಳಗೆ, 18 ಡಿಗ್ರಿಯಲ್ಲಿ. ಹೈಡ್ರೋಜನ್ನಿನ 656 ನ್ಯಾನೊಮೀಟರ್ ಮತ್ತು ಆಮ್ಲಜನಕದ 501 ನ್ಯಾನೊಮೀಟರ್ ಬೆಳಕನ್ನು ಮಾತ್ರ ಒಳಬಿಡುವ ಫಿಲ್ಟರು ಇಂಥ ನೀಹಾರಿಕೆಗಳಿಗೆ ಅದ್ಭುತವಾಗಿ ಕೆಲಸ ಮಾಡುತ್ತದೆ. ಗೆಲಾಕ್ಸಿಗಳಿಗೆ ಅದು ನೆರವಾಗದು, ಏಕೆಂದರೆ ಅವುಗಳದು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ. ದೊಡ್ಡ ನಷ್ಟ ಮುಂಗಾರಿನದು. ಧನು ರಾಶಿಯ ಲಗೂನ್, ಟ್ರಿಫಿಡ್ ನೀಹಾರಿಕೆಗಳು ಸಂಜೆಯಿಂದಲೇ ಸಿಗುವ ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳನ್ನು ಮೋಡ ನುಂಗುತ್ತದೆ. ಅವನ್ನು ನೋಡಬೇಕೆನ್ನುವವರು ಏಪ್ರಿಲಿನಲ್ಲಿ ಬೆಳಗಿನ ಜಾವಕ್ಕೆ ಏಳಬೇಕು.

ಈ ಪದ್ಧತಿಗೆ ಒಂದು ಆಕ್ಷೇಪವಿದೆ: ಗುಂಡಿ ಒತ್ತಿ ಗೆಲಾಕ್ಸಿ ನೋಡಿದವರಿಗೆ ಆಕಾಶದ ಪರಿಚಯ ಆಗುವುದಿಲ್ಲ ಎಂದು. ಮೈಸೂರಿಗೆ ಈ ಮಾತು ಹೊಸದೆನಿಸಬಾರದು. ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗವನ್ನು ನೋಡಿಕೊಂಡ, ಇದೇ ಊರಿನಲ್ಲಿ ಬಾಳಿದ ಜಿ.ಟಿ. ನಾರಾಯಣ ರಾವ್ (1926–2008) ಬರಿಗಣ್ಣಿನ ನಕ್ಷತ್ರ ವೀಕ್ಷಣೆಯನ್ನೇ ಕನ್ನಡಿಗರಿಗೆ ಜೀವಮಾನವಿಡೀ ಕಲಿಸಿದರು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಸಂಘದಂಥವು ಆ ಕೆಲಸವನ್ನು ಮುಂದುವರಿಸಿವೆ. ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಯಂತ್ರಕ್ಕಿಂತ ಹೆಚ್ಚಾಗಿ ಅದನ್ನು ತೋರಿಸುವವರಿಗೆ ಸಲ್ಲಬೇಕು. ಮಹಾವ್ಯಾಧನ ಮೂರು ನಕ್ಷತ್ರಗಳ ಪಟ್ಟಿಯನ್ನು ಮಕ್ಕಳಿಗೆ ಮೊದಲು ಬೆರಳಿನಿಂದ ತೋರಿಸಿ, ಅದರ ಕೆಳಗಿನ ಮಬ್ಬು ಚುಕ್ಕೆಯಲ್ಲಿ ಏನಿದೆಯೆಂದು ಆಮೇಲೆ ಪರದೆಯಲ್ಲಿ ತೋರಿಸಿದರೆ ಎರಡೂ ಉಳಿಯುತ್ತವೆ. ಐಪೀಸಿಗೆ ಕಣ್ಣು ಒಗ್ಗಿಸಲಾಗದ ವೃದ್ಧರು, ಏಣಿ ಹತ್ತಲಾಗದವರು, ಗಾಲಿಕುರ್ಚಿಯಲ್ಲಿರುವವರು ಕೂಡ ಇಲ್ಲಿ ಸಮಾನ ವೀಕ್ಷಕರು. ಶಾಲೆಗಳಿಗೆ ಇದನ್ನು ಒಯ್ಯಲು ಇದೊಂದೇ ಕಾರಣ ಸಾಕು.

ನೋಡುವುದಕ್ಕೆಂದೇ ಹುಟ್ಟಿದ ಸಲಕರಣೆ ಅಳೆಯುವ ಕೆಲಸಕ್ಕೂ ಬಂದಿದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಡಿಕ್ಕಿ ಹೊಡೆದಾಗ ಎದ್ದ ಧೂಳನ್ನು ರಿಯೂನಿಯನ್ ದ್ವೀಪ ಮತ್ತು ಕೆನ್ಯಾದ ಹವ್ಯಾಸಿಗಳು ಈವಿಸ್ಕೋಪ್‌ಗಳಲ್ಲಿ ದಾಖಲಿಸಿದರು. ಆ ಅಳತೆಗಳು ಮರುವರ್ಷ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದವು. 2023ರ ಮೇ 19ರಂದು ಜಪಾನಿನ ಕೋಯಿಚಿ ಇಟಗಾಕಿ, ಸುಮಾರು 2.1 ಕೋಟಿ ಜ್ಯೋತಿರ್ವರ್ಷ ದೂರದ ಎಂ101 ಗೆಲಾಕ್ಸಿಯಲ್ಲಿ ಸೂಪರ್‌ನೋವಾ ಒಂದನ್ನು ಪತ್ತೆ ಮಾಡಿದರು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹಾನ್ಲೆಯ ಎರಡು ಮೀಟರ್ ಕನ್ನಡಿಯಿಂದ ಅದನ್ನು ಬೆನ್ನುಹತ್ತಿದ ದಿನಗಳಲ್ಲೇ, ಜಗತ್ತಿನ ಹಲವೆಡೆ ಅಂಗೈಯಗಲದ ಕನ್ನಡಿಗಳು ಅದೇ ನಕ್ಷತ್ರದ ಹೊಳಪನ್ನು ರಾತ್ರಿ ರಾತ್ರಿ ಅಳೆಯುತ್ತಿದ್ದವು. ಆ ಮೇ ತಿಂಗಳಲ್ಲಿ ಎಂ101 ಮೈಸೂರಿನ ಉತ್ತರಕ್ಕೆ 48 ಡಿಗ್ರಿ ಎತ್ತರ ಏರುತ್ತಿತ್ತು.