ವಿದ್ಯೆಯಿಂದ ವದಂತಿಗೆ: ‘ಲೋರ್’ ಪದದ ಅರ್ಥಚರಿತ್ರೆ

ಜಾನಪದ ಅಧ್ಯಯನದ ಯಾವ ಪಠ್ಯವನ್ನು ತೆರೆದರೂ ಮೊದಲ ಪುಟಗಳಲ್ಲಿಯೇ ಒಂದು ದಿನಾಂಕ ಎದುರಾಗುತ್ತದೆ: 1846ರ ಆಗಸ್ಟ್ 22. ಅಂದು ಲಂಡನ್ನಿನ ‘ಅಥೇನಿಯಂ’ ಪತ್ರಿಕೆಯಲ್ಲಿ ಆಂಬ್ರೋಸ್ ಮರ್ಟನ್ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಪತ್ರದ ಮೂಲಕ ವಿಲಿಯಂ ಜಾನ್ ಥಾಮ್ಸ್ ‘ಫೋಕ್‌ಲೋರ್’ ಎಂಬ ಪದವನ್ನು ವಿದ್ವಾಂಸರ ಮುಂದಿಟ್ಟನು. ಇದನ್ನು ನಾವೆಲ್ಲರೂ ವಿದ್ಯಾರ್ಥಿದೆಸೆಯಲ್ಲಿ ಉರುಹೊಡೆದವರೇ. ಆ ಸಮಾಸದ ಪೂರ್ವಪದವಾದ ‘ಫೋಕ್’ ಕುರಿತು, ಅಂದರೆ ‘ಜನ’ ಎಂದರೆ ಯಾರು ಎಂಬುದರ ಕುರಿತು, ವಿಪುಲವಾದ ಚರ್ಚೆ ನಡೆದಿದೆ. ಅಲನ್ ಡಂಡೆಸ್ ಅವರು ಈ ಪ್ರಶ್ನೆಯನ್ನೇ ತಮ್ಮ ಲೇಖನವೊಂದರ ಶೀರ್ಷಿಕೆಯಾಗಿಸಿದ್ದಾರೆ. ಉತ್ತರಪದವಾದ ‘ಲೋರ್’ ಮಾತ್ರ ನಮ್ಮಲ್ಲಿ ಅಷ್ಟಾಗಿ ಯಾರ ಗಮನವನ್ನೂ ಸೆಳೆದಿಲ್ಲ. ಅದರ ಅರ್ಥಪಲ್ಲಟಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪದದ ಪ್ರಾಚೀನ ಇಂಗ್ಲಿಷ್ ರೂಪ ‘ಲಾರ್’. ಬೋಧನೆ, ಉಪದೇಶ, ಶಾಸ್ತ್ರ ಎಂಬುವು ಅದರ ಅರ್ಥಗಳು. ಕಲಿಯುವುದೆಂಬ ಅರ್ಥದ ‘ಲರ್ನ್’ ಕ್ರಿಯಾಪದವೂ ಜರ್ಮನ್ ಭಾಷೆಯ ‘ಲೇರೆ’ಯೂ ಇದರ ಜ್ಞಾತಿಪದಗಳು. ಇನ್ನೂ ಹಿಂದಕ್ಕೆ ಸಾಗಿದರೆ ಈ ಧಾತುವಿಗೆ ‘ಜಾಡು’ ಎಂಬ ಅರ್ಥವಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಲ್ಯಾಟಿನ್ನಿನಲ್ಲಿ ನೇಗಿಲ ಸಾಲನ್ನು ಸೂಚಿಸುವ ‘ಲೀರಾ’ ಅದೇ ಮೂಲದ್ದು. ಸಾಲು ತಪ್ಪುವುದೆಂಬ ಕಲ್ಪನೆಯಿಂದಲೇ ಬುದ್ಧಿಭ್ರಮಣೆಯನ್ನು ಹೇಳುವ ‘ಡಿಲಿರಿಯಂ’ ಹುಟ್ಟಿತು. ಪಾದರಕ್ಷೆ ಹೊಲಿಯುವವರು ಬಳಸುವ ಮರದ ಅಚ್ಚಿನ ಇಂಗ್ಲಿಷ್ ಹೆಸರಾದ ‘ಲಾಸ್ಟ್’ ಕೂಡ ಹೆಜ್ಜೆಗುರುತು ಎಂಬ ಅರ್ಥದಿಂದ ಬಂದುದು. ಕಲಿಕೆಯೆಂದರೆ ಮುಂದೆ ಹೋದವರ ಜಾಡನ್ನು ಹಿಡಿಯುವುದು ಎಂದಾಯಿತು. ನಮ್ಮ ‘ಜನಪದ’ದಲ್ಲಿಯೂ ಒಂದು ‘ಪದ’, ಅಂದರೆ ಹೆಜ್ಜೆ, ಅಡಗಿರುವುದು ಕೇವಲ ಆಕಸ್ಮಿಕ. ಆದರೂ ಅದನ್ನು ಹೇಳದೆ ಮುಂದುವರಿಯಲು ಮನಸ್ಸಾಗದು.

‘ಲಾರ್’ ಹಳ್ಳಿಗರ ಸೊತ್ತಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. 871ರಿಂದ 899ರವರೆಗೆ ಆಳಿದ ಆಲ್ಫ್ರೆಡ್ ದೊರೆಯು ಪೋಪ್ ಗ್ರೆಗರಿಯ ಗ್ರಂಥವೊಂದನ್ನು ಇಂಗ್ಲಿಷಿಗೆ ತಂದು, ಅದಕ್ಕೊಂದು ಮುನ್ನುಡಿಯನ್ನು ಬರೆದನು. ಹಿಂದೆ ವಿದೇಶೀಯರೇ ವಿವೇಕವನ್ನೂ ‘ಲಾರ್’ ಅನ್ನೂ ಅರಸಿಕೊಂಡು ಈ ನಾಡಿಗೆ ಬರುತ್ತಿದ್ದರು, ಈಗ ನಾವು ಅವನ್ನು ಹೊರಗಿನಿಂದ ತರಬೇಕಾಗಿದೆ ಎಂದು ಅಲ್ಲಿ ಹಲುಬುತ್ತಾನೆ. ಪೂರ್ವಿಕರ ಜಾಡು ಕಾಣುತ್ತಿದೆ, ಆದರೆ ಅದನ್ನು ಅನುಸರಿಸಲು ನಮಗೆ ಬಾರದು ಎಂಬ ರೂಪಕವೂ ಅದೇ ಮುನ್ನುಡಿಯಲ್ಲಿದೆ. ಜಾಡಿಗೆ ಅಲ್ಲಿ ಬಳಕೆಯಾಗಿರುವುದು ಬೇರೆಯೇ ಪದ. ಭಾವ ಮಾತ್ರ ಒಂದೇ. ಗುರುವಿಗೆ ಆ ಕಾಲದ ಇಂಗ್ಲಿಷಿನಲ್ಲಿದ್ದ ‘ಲಾರೇವ್’ ಎಂಬ ಹೆಸರನ್ನು ವಿದ್ವಾಂಸರು ‘ವಿದ್ಯೆಯ ಸೇವಕ’ ಎಂದು ಬಿಡಿಸುತ್ತಾರೆ. ಚರ್ಚಿನ ಧರ್ಮೋಪದೇಶಕ್ಕೆ ‘ಲಾರ್‌ಸ್ಪೆಲ್’ ಎನ್ನಲಾಗುತ್ತಿತ್ತು. ಒಟ್ಟಿನಲ್ಲಿ ಅದು ಮಠದ ಪದ, ಗ್ರಂಥದ ಪದ, ಅಧಿಕಾರದ ಪದ.

1066ರ ನಾರ್ಮನ್ ವಿಜಯದ ಅನಂತರ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಪದಗಳು ಒಂದೊಂದಾಗಿ ಈ ಎಡೆಯನ್ನು ಆಕ್ರಮಿಸಿದವು. ಇದು ಒಮ್ಮೆಲೇ ಆದುದಲ್ಲ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’ನ ಪಾದ್ರಿ ಬೋಧಿಸುವುದು ಇನ್ನೂ ಕ್ರಿಸ್ತನ ‘ಲೋರ್’ ಅನ್ನೇ. ಬರಬರುತ್ತಾ ಧರ್ಮಶಾಸ್ತ್ರಕ್ಕೆ ‘ಡಾಕ್ಟ್ರಿನ್’, ವ್ಯವಸ್ಥಿತ ಜ್ಞಾನಕ್ಕೆ ‘ಸೈನ್ಸ್’ ನೆಲೆನಿಂತವು. ಉಳಿದ ಪದಕ್ಕೆ ಉಳಿದ ಅರ್ಥ: ಹಳೆಯ ಗುಟ್ಟು, ಕವಿಗಳ ಅಲಂಕಾರ, ಬಾಯಿಂದ ಬಾಯಿಗೆ ಬಂದ ತಿಳಿವಳಿಕೆ. ಸಂಸ್ಕೃತ ಪದ ಬಂದು ಕೂತೊಡನೆ ದೇಶೀ ಪದ ಜಗಲಿಗೆ ಸರಿಯುವ ಪರಿಪಾಟವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಥಾಮ್ಸ್ ಕೈಗೆತ್ತಿಕೊಂಡದ್ದು ಹೀಗೆ ಜಗಲಿಗೆ ಬಂದಿದ್ದ ಪದವನ್ನು. ಅದುವರೆಗೆ ಇಂತಹ ಸಾಮಗ್ರಿಗೆ ‘ಪಾಪ್ಯುಲರ್ ಆಂಟಿಕ್ವಿಟೀಸ್’ ಎಂಬ ಲ್ಯಾಟಿನ್ ಮೂಲದ ಹೆಸರಿತ್ತು; 1777ರಲ್ಲಿ ಜಾನ್ ಬ್ರಾಂಡ್ ತನ್ನ ಗ್ರಂಥಕ್ಕೆ ಬಳಸಿದ್ದು ಅದನ್ನೇ. ಗ್ರಿಮ್ ಸಹೋದರರ ಪ್ರಭಾವಕ್ಕೆ ಒಳಗಾಗಿದ್ದ ಥಾಮ್ಸ್‌ಗೆ ಅಚ್ಚ ಸ್ಯಾಕ್ಸನ್ ಪದವೊಂದು ಬೇಕಿತ್ತು. ‘ಲಾರ್’ನ ಹಿಂದಿನ ಘನತೆ ಆತನ ಮನಸ್ಸಿನಲ್ಲಿತ್ತೆಂದು ಪತ್ರದಿಂದ ಸಿದ್ಧವಾಗುವುದಿಲ್ಲ. ಆದರೂ ಬಿಷಪ್ಪರ ವಿದ್ಯೆಯನ್ನು ಹೇಳುತ್ತಿದ್ದ ಪದವು ರೈತರ, ಮುದುಕಿಯರ ತಿಳಿವಳಿಕೆಗೆ ಸಂದಿತು. ನನ್ನ ದೃಷ್ಟಿಯಲ್ಲಿ ಇದು ಪದದ ಪತನವಲ್ಲ, ಮರ್ಯಾದೆ. ಲೋಕ ಮಾತ್ರ ಹಾಗೆ ತಿಳಿಯಲಿಲ್ಲ. ಫ್ರೆಂಚರು ಒಂದು ಸಂಗತಿಯನ್ನು ‘ಫೋಕ್ಲೋರ್’ ಎಂದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕಿಲ್ಲ ಎಂದರ್ಥ. ಇಂಗ್ಲಿಷಿನಲ್ಲಿಯೂ ಆಧಾರವಿಲ್ಲದ ನಂಬಿಕೆಗೆ ಆ ಪದ ಸಲ್ಲುತ್ತದೆ. ಇಂದಿನ ತರುಣರಿಗೆ ‘ಲೋರ್’ ಎಂದರೆ ಗಣಕಯಂತ್ರದ ಆಟಗಳ ಕಲ್ಪಿತ ಲೋಕದ ಪೂರ್ವಕಥೆ.

ಕನ್ನಡಕ್ಕೆ ಬಂದಾಗ ಈ ಉತ್ತರಪದ ಏನಾಯಿತು? ‘ಜನಪದ’ ಎಂದರೆ ನಾಡು, ನಾಡಿನ ಜನ. ‘ಜಾನಪದ’ ಎಂದರೆ ಅದಕ್ಕೆ ಸಂಬಂಧಿಸಿದುದು. ಅಶೋಕನ ಎಂಟನೆಯ ಬಂಡೆಶಾಸನದಲ್ಲಿ ಈ ವಿಶೇಷಣ ಜನರಿಗೇ ಅನ್ವಯಿಸಿದೆ: ಧರ್ಮಯಾತ್ರೆಯಲ್ಲಿ ದೊರೆ ಕಾಣಬೇಕಾದ ನಾಡಿಗರಿಗೆ. ಅಂದರೆ ಥಾಮ್ಸ್‌ನ ಸಮಾಸದ ಪೂರ್ವಪದ ಪೂರ್ಣವಾಗಿ ಬಂದಿದೆ; ಉತ್ತರಪದ ಒಂದು ದೀರ್ಘದಲ್ಲಿ ಅಡಗಿಹೋಗಿದೆ. ಜನಪದವೆಂದರೆ ಜನ, ಜಾನಪದವೆಂದರೆ ಅವರ ತಿಳಿವು ಹಾಗೂ ಅದರ ಅಧ್ಯಯನ ಎಂದು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಆದರೆ ತಿಳಿವು ಎಂಬುದು ಪದದೊಳಗಿಲ್ಲ, ನಮ್ಮ ಒಪ್ಪಂದದಲ್ಲಿದೆ. ಮಲಯಾಳಿಗಳ ‘ನಾಡೋಡಿ ವಿಜ್ಞಾನೀಯಂ’ನಲ್ಲಿ ವಿಜ್ಞಾನ ಉಳಿದಿದೆ, ತಮಿಳರು ವಾಡಿಕೆ ಎಂಬರ್ಥದ ಪದವನ್ನಾದರೂ ಉಳಿಸಿಕೊಂಡಿದ್ದಾರೆ. 2011ರಲ್ಲಿ ಗೊಟಗೋಡಿಯಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ಹೆಸರಿನಲ್ಲಿ ‘ವಿದ್ಯೆ’ ಇದೆಯಲ್ಲ ಎನ್ನಬಹುದು. ಅದು ಜಾನಪದದ್ದಲ್ಲ, ಆಲಯದ್ದು.

ಇದು ಕೇವಲ ನಿಘಂಟಿನ ವಿಚಾರವೆಂದು ತಳ್ಳಿಹಾಕುವಂತಿಲ್ಲ. ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯು 2000ದಲ್ಲಿ ರಚಿಸಿದ ಅಂತರಸರ್ಕಾರಿ ಸಮಿತಿಯ ಹೆಸರಿನಲ್ಲಿ ‘ಸಾಂಪ್ರದಾಯಿಕ ಜ್ಞಾನ’ ಒಂದು, ‘ಫೋಕ್‌ಲೋರ್’ ಇನ್ನೊಂದು. ಒಬ್ಬಳೇ ಅಜ್ಜಿಯ ಗಿಡಮೂಲಿಕೆ ಮೊದಲನೆಯದಕ್ಕೂ ಹಾಡು ಎರಡನೆಯದಕ್ಕೂ ಸೇರುತ್ತವೆ. 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಒಪ್ಪಂದವು ತಳಿಸಂಪನ್ಮೂಲ ಹಾಗೂ ಅದಕ್ಕೆ ಸಂಬಂಧಿಸಿದ ಜ್ಞಾನವನ್ನು ಒಳಗೊಂಡಿತು; ಹಾಡು ಹೊರಗುಳಿಯಿತು. ಜ್ಞಾನವೆನಿಸಿಕೊಂಡದ್ದರ ಪಾಡೂ ಸುಲಭವಲ್ಲ. ಗಾಯ ಮಾಯಿಸುವ ಅರಿಸಿನದ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ದೊರೆತಿದ್ದ ಪೇಟೆಂಟ್ ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಆಕ್ಷೇಪಣೆಯಿಂದ 1997ರಲ್ಲಿ ರದ್ದಾಯಿತು. ಆಗ ನೆರವಿಗೆ ಬಂದದ್ದು ಲಿಖಿತ ಆಕರಗಳು. ನಮ್ಮ ಮನೆಗಳ ಹೆಂಗಸರ ನಿತ್ಯದ ಅರಿವು ಬರಹಕ್ಕೆ ಇಳಿದಾಗಲಷ್ಟೇ ಸಾಕ್ಷ್ಯವಾಯಿತು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಪಿಎಚ್.ಡಿ. ಕ್ಷೇತ್ರಕಾರ್ಯದಲ್ಲಿ ವೃದ್ಧ ಸೂಲಗಿತ್ತಿಯೊಬ್ಬರಿಂದ ಬಾಣಂತಿಯ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಎರಡು ಹಾಡುಗಳ ನಡುವೆ ಅವರು, ಹೊಟ್ಟೆಯಲ್ಲಿ ಅಡ್ಡಲಾಗಿರುವ ಕೂಸನ್ನು ಕೈಯಿಂದಲೇ ಗುರುತಿಸುವ ಬಗೆಯನ್ನು ವಿವರಿಸತೊಡಗಿದರು. ಟೇಪು ಉಳಿಸುವ ಉದ್ದೇಶದಿಂದ ನಾನು ಯಂತ್ರವನ್ನು ನಿಲ್ಲಿಸಿದೆ. ಅವರು ಅದನ್ನು ಗಮನಿಸಿದರು. ‘ಇದು ಬ್ಯಾಡವೇನವ್ವಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಹಾಡನ್ನು ಎತ್ತಿಕೊಂಡರು. ನನ್ನ ಮಹಾಪ್ರಬಂಧದಲ್ಲಿ ಅವರ ಹದಿನಾಲ್ಕು ಹಾಡುಗಳಿವೆ.